ಮುಟ್ಟಿನ ಕಪ್: ಬಿಳಿ ಪ್ಯಾಂಟು ಹಾಕಿ ಪರೇಡಿಗೆ ನಿಲ್ಲುವ ಹುಡುಗಿಯರ ಅಮ್ಮಂದಿರಿಗೆ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಮುಟ್ಟಿನ ರಕ್ತ ಹಿಡಿಯಲು ಪ್ಯಾಡಿನ ಬದಲು ಯೋನಿಯ ಒಳಗೆ ಇಟ್ಟುಕೊಳ್ಳುವ ಈ ಪುಟ್ಟ ಕಪ್ ನನಗೆ ಇಷ್ಟ. ವರ್ಷಗಳಿಂದ ಬಳಸುತ್ತಿದ್ದೇನೆ. ಮಗಳೂ ಈಗ ಬಳಸುತ್ತಾಳೆ. ಹಾಗಂತ ಎಲ್ಲರೂ ನಾಳೆಯೇ ಪ್ಯಾಡ್ ಬಿಟ್ಟು ಇದಕ್ಕೆ ಬನ್ನಿ ಅಂತ ಕರೆಯುವ ರಿವ್ಯೂ ಇದಲ್ಲ. ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗಲ್ಲ, ಡಬ್ಬಿಯ ಮೇಲೆ ಬರೆದಿದ್ದರಲ್ಲಿ ಎಷ್ಟು ನಿಜ, ಮಗಳ ಕೈಗೆ ಕೊಡುವ ಮುಂಚೆ ಅಮ್ಮನಿಗೆ ಏನೇನು ಗೊತ್ತಿರಬೇಕು, ಇದನ್ನೆಲ್ಲ ಬಿಡಿಸಿ ಹೇಳೋಣ ಅಂತ ಬರೆಯುತ್ತಿದ್ದೇನೆ.

ನಾನು ಪಿಟಿ ಟೀಚರ್. ಸ್ವಾತಂತ್ರ್ಯ ದಿನದ ಪರೇಡಿಗೆ ಹುಡುಗಿಯರನ್ನು ತಯಾರು ಮಾಡುವುದು ನನ್ನ ಕೆಲಸ. ಬಿಳಿ ಶರ್ಟು, ಬಿಳಿ ಪ್ಯಾಂಟು, ಬಿಳಿ ಶೂ. ವಾರಗಟ್ಟಲೆ ಬಿಸಿಲಲ್ಲಿ ಕೈಕಾಲು ಒಂದೇ ತಾಳಕ್ಕೆ ಬರುವ ತನಕ ಅಭ್ಯಾಸ. ಆಮೇಲೆ ಹಿಂದಿನ ದಿನ ಒಬ್ಬಳು ಮೆಲ್ಲಗೆ ಬಂದು "ಮೇಡಂ, ನಾಳೆ ಬರೋಕಾಗಲ್ಲ, ಜ್ವರ" ಅನ್ನುತ್ತಾಳೆ. ಮುಖ ನೋಡಿದರೆ ಜ್ವರ ಅಲ್ಲ ಅಂತ ಗೊತ್ತಾಗುತ್ತದೆ. ಕೆಲವು ಸಲ ಹಾಗೆ ಬಂದು ನಿಲ್ಲುವುದು ಬಾವುಟ ಹಿಡಿದು ಮುಂದೆ ನಡೆಯಬೇಕಾದ ಹುಡುಗಿಯೇ.

ನನಗೆ ದೇಶ ಅಂದರೆ ಪ್ರಾಣ. ಬಾವುಟ ಮೇಲೆ ಹೋಗುವಾಗ ಈಗಲೂ ಗಂಟಲು ಕಟ್ಟುತ್ತದೆ. ಅದಕ್ಕೇ ಆ ಹುಡುಗಿಯ ಸುಳ್ಳು ಜ್ವರ ನನ್ನನ್ನು ಅಷ್ಟು ಚುಚ್ಚುವುದು. ದೇಶಕ್ಕಾಗಿ ನಡೆಯಲು ಆಸೆ ಇರುವ ಹುಡುಗಿ ಬಟ್ಟೆಗೆ ಕಲೆಯಾದರೆ ಅನ್ನುವ ಭಯಕ್ಕೆ ಮನೆಯಲ್ಲಿ ಕೂತರೆ, ತಪ್ಪು ಅವಳ ಮೈಯಲ್ಲಿ ಇಲ್ಲ. ನಾವು ಅವಳಿಗೆ ಏನು ಕೊಟ್ಟಿದ್ದೇವೆ, ಏನು ಹೇಳಿಕೊಟ್ಟಿದ್ದೇವೆ, ಅದರಲ್ಲಿದೆ. ನಾನು ಕಪ್ ಕಡೆ ತಿರುಗಿದ್ದು ಈ ಯೋಚನೆಯಿಂದಲೇ.

ಈಗ ವಸ್ತುವಿಗೆ ಬರೋಣ. ನನ್ನದು ಮೆಡಿಕಲ್ ಗ್ರೇಡ್ ಸಿಲಿಕೋನ್ ಕಪ್. ನೋಡಲು ತಲೆಕೆಳಗಾದ ಪುಟ್ಟ ಗಂಟೆಯ ಹಾಗಿದೆ. ಬಾಯಿಯ ಅಂಚು ಸ್ವಲ್ಪ ದಪ್ಪ. ಅಂಚಿನ ಕೆಳಗೆ ಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣ ತೂತುಗಳಿವೆ. ಒಳಗೆ ಗಾಳಿ ಹಿಡಿದುಕೊಳ್ಳದ ಹಾಗೆ ನೋಡಿಕೊಳ್ಳುವುದು ಅವುಗಳ ಕೆಲಸ. ಮೈ ಮೇಲೆ ಎಮ್‌ಎಲ್ ಗೆರೆಗಳಿವೆ. ಕೆಳಗೆ ಒಂದು ಕಡ್ಡಿ, ಬೆರಳು ಜಾರದಿರಲಿ ಅಂತ ಅದರ ಮೇಲೆ ಉಬ್ಬು ಗೀಟುಗಳು. ಜೊತೆಗೆ ಒಂದು ಹತ್ತಿ ಬಟ್ಟೆಯ ಚೀಲ, ಒಂದು ಸೂಚನೆಯ ಹಾಳೆ. ಅಷ್ಟೇ ಸಾಮಾನು. ಸರಿಯಾಗಿ ನೋಡಿಕೊಂಡರೆ ಒಂದೇ ಕಪ್ ವರ್ಷಗಟ್ಟಲೆ ಬಾಳುತ್ತದೆ. ಕೊಳ್ಳುವಾಗ ಒಂದು ಪ್ಯಾಕ್ ಪ್ಯಾಡಿಗಿಂತ ಜಾಸ್ತಿ ಅನ್ನಿಸುತ್ತದೆ ನಿಜ, ಆಮೇಲೆ ತಿಂಗಳು ತಿಂಗಳು ಆ ಖರ್ಚೇ ಇರಲ್ಲ.

ಇದೇನೋ ಈಗಿನ ಹುಡುಗಿಯರ ಹೊಸ ಫ್ಯಾಷನ್ ಅಂದುಕೊಂಡವರಿಗೆ ಒಂದು ಮಾತು. 1937ರಲ್ಲೇ ಅಮೆರಿಕದ ನಟಿ ಲಿಯೋನಾ ಚಾಮರ್ಸ್ ರಬ್ಬರಿನ ಕಪ್ಪಿಗೆ ಪೇಟೆಂಟ್ ತಗೊಂಡಿದ್ದರು. ಎರಡನೇ ಮಹಾಯುದ್ಧ ಬಂತು, ರಬ್ಬರಿಗೆ ಬರ ಬಂತು, ಆ ಕಪ್ ತಯಾರಿಕೆ ನಿಂತಿತು. ಯುದ್ಧಕ್ಕೆ ಹೆಂಗಸರು ಕೊಟ್ಟಿದ್ದರ ಪಟ್ಟಿ ಮಾಡುವಾಗ ಇಂಥವು ಯಾರ ನೆನಪಿಗೂ ಬರುವುದಿಲ್ಲ.

ಬಳಸುವುದು ಹೇಗೆ? ಕಪ್ಪನ್ನು ಮಡಚಿ ಒಳಗೆ ಹಾಕಬೇಕು. ಒಳಗೆ ಹೋದ ಮೇಲೆ ಅದು ಬಿಚ್ಚಿಕೊಂಡು ಗೋಡೆಗೆ ಕೂರುತ್ತದೆ. ರಕ್ತ ಅದರೊಳಗೆ ಸೇರುತ್ತದೆ. ತೆಗೆದು ಚೆಲ್ಲಿ, ತೊಳೆದು, ಮತ್ತೆ ಹಾಕುವುದು. ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ಶುರುವಿನ ಒಂದೆರಡು ತಿಂಗಳು ಸಿಟ್ಟು ಬರುತ್ತದೆ, ಸೋರುತ್ತದೆ, ಸಾಕಪ್ಪಾ ಸಾಕು ಅನ್ನಿಸುತ್ತದೆ. ಮಡಚುವುದರಲ್ಲೂ ವಿಧಗಳಿವೆ. ಎರಡು ಅಂಚು ಸೇರಿಸಿ ಮಡಚಿದರೆ ಬಾಯಿ ಅಗಲ ಉಳಿಯುತ್ತದೆ. ಒಂದು ಅಂಚನ್ನು ಬೆರಳಿಂದ ಒಳಕ್ಕೆ ಒತ್ತಿ ಮಡಚಿದರೆ ತುದಿ ಚೂಪಾಗುತ್ತದೆ, ಹೊಸಬರಿಗೆ ಇದು ಸುಲಭ. ಹಾಕಿದ ಮೇಲೆ ಬೆರಳನ್ನು ಕಪ್ಪಿನ ಸುತ್ತ ಒಂದು ಸಲ ಆಡಿಸಿ ನೋಡಬೇಕು. ಎಲ್ಲಾದರೂ ತಗ್ಗು ಸಿಕ್ಕರೆ ಪೂರ್ತಿ ಬಿಚ್ಚಿಕೊಂಡಿಲ್ಲ ಅಂತ ಅರ್ಥ. ಸೋರುವುದು ಅಲ್ಲಿಂದಲೇ.

ತೆಗೆಯುವಾಗ ಎಲ್ಲರೂ ಮಾಡುವ ತಪ್ಪು ಕಡ್ಡಿ ಹಿಡಿದು ಎಳೆಯುವುದು. ಎಳೆಯಬೇಡಿ. ಕಡ್ಡಿ ಇರುವುದು ಕಪ್ ಎಲ್ಲಿದೆ ಅಂತ ಹುಡುಕಲು. ಕಪ್ಪಿನ ಬುಡವನ್ನು ಎರಡು ಬೆರಳಲ್ಲಿ ಹಿಂಡಿದರೆ ಹಿಡಿತ ಸಡಿಲವಾಗುತ್ತದೆ, ಆಮೇಲೆ ನಿಧಾನಕ್ಕೆ ಅಲ್ಲಾಡಿಸಿ ಹೊರಗೆ ತರಬೇಕು. ಗರ್ಭಕೋಶ ಜಾರಿರುವವರು, ಗರ್ಭನಿರೋಧಕ ಕಾಪರ್-ಟಿ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಕಪ್ ಶುರು ಮಾಡಲೇಬಾರದು. ಎಳೆಯುವಾಗ ಕಾಪರ್-ಟಿಯೂ ಜಾಗ ಬಿಟ್ಟು ಬರಬಹುದು. ಹೆರಿಗೆ ಆದವರೂ ಅಷ್ಟೇ, ಡಾಕ್ಟರ್ ಆಗಬಹುದು ಅನ್ನುವ ತನಕ ಬೇಡ. ನನ್ನ ಡಬ್ಬಿಯಲ್ಲಿ ಬಂದ ಹಾಳೆಯಲ್ಲಿ ಕಾಪರ್-ಟಿ ವಿಷಯ ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿದೆ. ಹೂವು, ಬಳ್ಳಿ, ನಗುವ ಹುಡುಗಿಯ ಚಿತ್ರ ಮಾತ್ರ ಅರ್ಧ ಪುಟ. ಇದು ನನಗೆ ಸರಿ ಕಾಣಲಿಲ್ಲ. ಅಂಕ ಕೊಡುವುದಾದರೆ ಇಲ್ಲಿ ಕಡಿತ.

ಎಷ್ಟು ಹೊತ್ತು ಇಟ್ಟುಕೊಳ್ಳಬಹುದು? ಜಾಸ್ತಿ ತಯಾರಕರು ಹೇಳುವುದು 12 ಗಂಟೆ. ನಾನು ಅಷ್ಟು ದೂರ ಹೋಗುವುದಿಲ್ಲ, ಮಗಳಿಗೂ 8 ಗಂಟೆ ಒಳಗೆ ತೆಗೆದು ತೊಳಿ ಅಂತ ಹೇಳಿದ್ದೇನೆ. ಇದಕ್ಕೆ ಕಾರಣ ಇದೆ. ಟಾಕ್ಸಿಕ್ ಶಾಕ್ ಸಿಂಡ್ರೋಮ್ ಅನ್ನುವ ಕಾಯಿಲೆ ಬಹಳ ಅಪರೂಪ, ಆದರೆ ಬಂದರೆ ಜೀವಕ್ಕೇ ಕುತ್ತು. 1980ರ ಸುಮಾರಿಗೆ ಅಮೆರಿಕದಲ್ಲಿ ಅತಿಯಾಗಿ ಹೀರುವ ಟ್ಯಾಂಪನ್ (ರಕ್ತ ಹೀರಲು ಒಳಗೆ ಇಟ್ಟುಕೊಳ್ಳುವ ಬತ್ತಿ) ಬಳಸಿದ ಹೆಂಗಸರಲ್ಲಿ ಇದು ಕಾಣಿಸಿಕೊಂಡು ದೊಡ್ಡ ಗದ್ದಲವಾಗಿತ್ತು, ಒಂದು ಬ್ರಾಂಡನ್ನು ಮಾರುಕಟ್ಟೆಯಿಂದಲೇ ವಾಪಸ್ ತಗೊಂಡರು. ಸ್ಟೆಫಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ವಿಷದಿಂದ ಇದು ಬರುತ್ತದೆ. ಕಪ್ ಬಳಸಿದವರಲ್ಲೂ ಬೆರಳೆಣಿಕೆಯಷ್ಟು ಕೇಸುಗಳು ವರದಿಯಾಗಿವೆ. ಕಪ್ ಒಳಗಿರುವಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ತಲೆಸುತ್ತು, ಬಿಸಿಲಿಗೆ ಸುಟ್ಟ ಹಾಗೆ ಮೈ ಕೆಂಪಗಾಗುವುದು, ಇವು ಕಂಡರೆ ಕಪ್ ತೆಗೆದು ಸೀದಾ ಆಸ್ಪತ್ರೆಗೆ ಹೋಗಬೇಕು. ಮಗಳಿಗೆ ಇದನ್ನು ಹೇಳಿದರೆ ಹೆದರಿಕೊಳ್ಳುತ್ತಾಳೆ ಅಂತ ಕೆಲವು ಅಮ್ಮಂದಿರು ಅನ್ನುತ್ತಾರೆ. ಹೇಳಬೇಕು. ಗೊತ್ತಿದ್ದವಳು ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ಹೋಗುತ್ತಾಳೆ.

ಒಟ್ಟಾರೆ ಸುರಕ್ಷಿತವಾ ಅಂತ ಕೇಳಿದರೆ, ಹೌದು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಪರಿಶೀಲನೆ ಬಂತು. 43 ಅಧ್ಯಯನ, 3,319 ಮಂದಿಯ ಅನುಭವ. ಸೋರುವುದರಲ್ಲಿ ಕಪ್ ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಚೆನ್ನಾಗಿದೆ, ಸರಿಯಾಗಿ ಬಳಸಿದರೆ ಅಪಾಯ ಜಾಸ್ತಿ ಇಲ್ಲ ಅಂತ ತೀರ್ಮಾನ. ಬಳಸಿ ನೋಡಿದವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಮುಂದುವರಿಸುತ್ತೇವೆ ಅಂದಿದ್ದಾರೆ. ಅಂದರೆ ಬೇಡ ಅಂದವರೂ ಇದ್ದಾರೆ. ಅವರ ಅನುಭವವೂ ಅಷ್ಟೇ ನಿಜ ಅಲ್ವಾ?

ಈಗ ಡಬ್ಬಿಯ ಮೇಲಿರುವ "ನೈಸರ್ಗಿಕ" ಅನ್ನುವ ಲೇಬಲ್ ವಿಷಯ. ಮನೆಯವರ ಆರೋಗ್ಯದಲ್ಲಿ ಪ್ರಕೃತಿಗೆ ಹತ್ತಿರ ಇರಬೇಕು ಅನ್ನುವ ಪೈಕಿ ನಾನು. ನಿದ್ದೆ, ಬಿಸಿಲು, ನೀರು, ಓಡಾಟ, ಇವನ್ನು ಬಿಟ್ಟು ಔಷಧಿ ಡಬ್ಬಿ ಹುಡುಕುವವಳಲ್ಲ. ಆದರೆ ಸುಳ್ಳು ಲೇಬಲ್ ಕಂಡರೆ ಆಗಲ್ಲ. ಸಿಲಿಕೋನ್ ಗಿಡದಲ್ಲಿ ಬೆಳೆಯುವುದಿಲ್ಲ, ಫ್ಯಾಕ್ಟರಿಯಲ್ಲಿ ಮಾಡುತ್ತಾರೆ. ಮಣ್ಣಿಗೆ ಹಾಕಿದರೆ ಕೊಳೆಯುವುದೂ ಇಲ್ಲ. ಕಪ್ಪಿನ ಗುಣ ಬೇರೆ ಕಡೆ ಇದೆ. ಬಳಸಿ ಬಿಸಾಡುವ ಪ್ಯಾಡುಗಳಲ್ಲಿ ಪ್ಲಾಸ್ಟಿಕ್ ಹಾಳೆ, ರಕ್ತ ಹೀರಿ ಜೆಲ್ ಆಗುವ ರಾಸಾಯನಿಕ ಪುಡಿ, ಅಂಟು, ಎಲ್ಲ ಸೇರಿರುತ್ತವೆ. ತಿಂಗಳು ತಿಂಗಳು ಅವು ಕಸಕ್ಕೆ ಹೋಗುತ್ತವೆ, ಯಾರೋ ಒಬ್ಬರು ಕೈಯಲ್ಲಿ ಬೇರೆ ಮಾಡುತ್ತಾರೆ, ಇಲ್ಲ ಚರಂಡಿ ಕಟ್ಟಿಕೊಂಡಾಗ ಯಾರೋ ಇಳಿದು ತೆಗೆಯುತ್ತಾರೆ. ಕಪ್ ಬಳಸುವ ಮನೆಯಿಂದ ಆ ಕಸ ಹೊರಡುವುದೇ ಇಲ್ಲ. ದೇಶದ ನೆಲ, ನೀರು ಅಂತ ಹಾಡಿ ಹೊಗಳಿ ಬಂದು, ಅದೇ ನೆಲದ ಚರಂಡಿಗೆ ಪ್ಯಾಡ್ ತುರುಕುವುದು ನನಗೆ ಸೇರುವುದಿಲ್ಲ. ಚರಂಡಿಗೆ ಇಳಿಯುವ ಮನುಷ್ಯನೂ ಆ ದೇಶದವನೇ.

ಇನ್ನೊಂದು, ಒಳಗೆ ತೊಳೆಯುವ ಲಿಕ್ವಿಡ್‌ಗಳು. ಕಪ್ ಜೊತೆಗೆ ಅವನ್ನೂ ಕಟ್ಟಿ ಮಾರುತ್ತಾರೆ. ಕೊಳ್ಳಬೇಡಿ. ಯೋನಿ ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ. ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ವಾಸ ಮಾಡುತ್ತವೆ, ಅವು ಆಮ್ಲ ತಯಾರಿಸಿ ಪಿಎಚ್ (ಹುಳಿಯ ಅಳತೆ, ಕಡಿಮೆಯಿದ್ದಷ್ಟೂ ಹುಳಿ ಜಾಸ್ತಿ) 3.8ರಿಂದ 4.5ರ ಆಸುಪಾಸಿನಲ್ಲಿ ಇಡುತ್ತವೆ. ಕೆಟ್ಟ ಬ್ಯಾಕ್ಟೀರಿಯಾಗೆ ಆ ಹುಳಿ ಆಗಿಬರುವುದಿಲ್ಲ. ಪರಿಮಳದ ನೀರು ಹಾಕಿ ಒಳಗೆ ತೊಳೆದರೆ ಈ ಕಾವಲೇ ಕೆಟ್ಟುಹೋಗುತ್ತದೆ. ಹೊರಗೆ ನೀರು ಸಾಕು. ನಿಜವಾದ ನೈಸರ್ಗಿಕ ಆರೋಗ್ಯ ಅಂದರೆ ನನ್ನ ಪ್ರಕಾರ ಇದು, ದೇಹ ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ಅಡ್ಡ ಬರದಿರುವುದು.

ನನ್ನ ಡಬ್ಬಿಯ ಮೇಲೆ ಇನ್ನೊಂದು ಸಾಲಿದೆ, ಇದರಿಂದ ಹೊಟ್ಟೆನೋವು ಕಡಿಮೆಯಾಗುತ್ತದೆ ಅಂತ. ನಂಬಬೇಡಿ. ನೋವು ಬರುವುದು ಗರ್ಭಕೋಶ ಹಿಂಡಿಕೊಳ್ಳುವುದರಿಂದ. ಹಾಗೆ ಹಿಂಡಿಸುವುದು ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು. ಕಪ್ ಇರುವುದು ಗರ್ಭಕೋಶದ ಕೆಳಗೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೊಟ್ಟೆಗೆ ಬಿಸಿ ಶಾಖ ಕೊಟ್ಟರೆ ಆರಾಮ ಸಿಗುತ್ತದೆ, ನಡೆದಾಡಿದರೆ, ವ್ಯಾಯಾಮ ಮಾಡಿದರೆ ಎಷ್ಟೋ ಜನರಿಗೆ ಹಗುರಾಗುತ್ತದೆ. ಅದೂ ಸಾಲದೆ ಹೋದರೆ ಡಾಕ್ಟರ್ ಹೇಳಿದ ಮಾತ್ರೆ ತಗೊಳ್ಳಿ. ಐಬುಪ್ರೊಫೆನ್‌ನಂಥ ಮಾತ್ರೆ ಆ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ, ಅದಕ್ಕೇ ಕೆಲಸ ಮಾಡುತ್ತದೆ. ನೋವು ಸಹಿಸುವುದೇ ಹೆಣ್ತನ ಅಂತ ಹೇಳಿಕೊಟ್ಟು ಬೆಳೆಸಿದವರ ಮೇಲೆ ನನಗೆ ಗೌರವ ಇದೆ, ಆ ಪಾಠವನ್ನು ಮಾತ್ರ ಮುಂದಕ್ಕೆ ದಾಟಿಸಲ್ಲ. ಎಂಡೊಮೆಟ್ರಿಯೋಸಿಸ್ ಅಂತ ಒಂದು ಕಾಯಿಲೆ ಇದೆ, ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆದು ನೋವು ಕೊಡುವುದು. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಇರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲ್ಲರಿಗೂ ಬರುವ ನೋವು ತಾನೇ ಅಂತ ಸುಮ್ನೆ ಕೂರಿಸಿದ ಎಷ್ಟು ಹುಡುಗಿಯರಿಗೆ ಅದು ಇದ್ದಿರಬಹುದು, ನೆನೆದರೆ ಸಂಕಟ ಆಗುತ್ತದೆ. ಪ್ರತಿ ತಿಂಗಳು ಹಾಸಿಗೆ ಹಿಡಿಸುವ ನೋವು ಸಹಜ ಅಲ್ಲ.

ಕಪ್ ನನಗೆ ಮಾಡಿದ ದೊಡ್ಡ ಉಪಕಾರ ಆ ಎಮ್‌ಎಲ್ ಗೆರೆಗಳು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪ್ಯಾಡಲ್ಲಿ ಎಷ್ಟು ರಕ್ತ ಹೋಯಿತು ಅಂತ ಗೊತ್ತೇ ಆಗುವುದಿಲ್ಲ. "ಜಾಸ್ತಿ ಹೋಗುತ್ತಾ?" ಅಂತ ಡಾಕ್ಟರ್ ಕೇಳಿದರೆ ಜಾಸ್ತಿ ಅನ್ನಬೇಕೋ ಕಡಿಮೆ ಅನ್ನಬೇಕೋ ತಿಳಿಯದೆ "ಇರಬಹುದು" ಅನ್ನುತ್ತೇವೆ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30ರಿಂದ 40 ಎಮ್‌ಎಲ್. 80 ದಾಟಿದರೆ ಅತಿಸ್ರಾವ ಅನ್ನುತ್ತಾರೆ. ಕಪ್ಪಿನಲ್ಲಿ ಹಿಡಿಸುವುದು ಸುಮಾರು 20ರಿಂದ 30 ಎಮ್‌ಎಲ್. ನನ್ನ ಕಪ್ ಒಂದೇ ದಿನದಲ್ಲಿ ತುಂಬಿ, ಚೆಲ್ಲಿ, ಮತ್ತೆ ತುಂಬುತ್ತಿತ್ತು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತಾ ಬಂದೆ. ಆ ಚೀಟಿ ತಗೊಂಡು ಹೋಗಿ ಡಾಕ್ಟರ ಮುಂದಿಟ್ಟೆ. ಅವರು ಮೊದಲು ಮಾಡಿಸಿದ್ದು ಹೀಮೋಗ್ಲೋಬಿನ್. 12 ಇರಬೇಕಾದ ಕಡೆ 9ರ ಮೇಲೆ ಚಿಲ್ಲರೆ. ಮೈದಾನದಲ್ಲಿ ಎರಡು ಸುತ್ತು ಓಡಿದರೆ ಏದುಸಿರು ಬರುವುದಕ್ಕೆ, ಸಂಜೆಗೆ ಸುಮ್ನೆ ಸುಮ್ನೆ ಮಕ್ಕಳ ಮೇಲೆ ರೇಗುವುದಕ್ಕೆ ವಯಸ್ಸಾಯಿತು ಅಂತ ನಾನು ತಿಳಿದಿದ್ದೆ. ಕಬ್ಬಿಣದ ಮಾತ್ರೆ ಶುರುವಾಯಿತು, ರಕ್ತಸ್ರಾವಕ್ಕೆ ಚಿಕಿತ್ಸೆ ಆಯಿತು, ಉಸಿರು ವಾಪಸ್ ಬಂತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಜಗತ್ತಿನಾದ್ಯಂತ ನೂರಕ್ಕೆ ಸುಮಾರು 30 ಮಂದಿಗೆ ರಕ್ತಹೀನತೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಎಷ್ಟು ಮಂದಿ ಇದನ್ನು ಬರೀ ಸುಸ್ತು ಅಂತ ತಳ್ಳಿಹಾಕಿದ್ದಾರೋ.

ಈ ಒಂದು ಕಾರಣಕ್ಕೇ, ಬೇರೇನೂ ಬೇಡ ಅನ್ನುವವರೂ ಅಳತೆಗೆಂದಾದರೂ ಕೆಲವು ತಿಂಗಳು ಕಪ್ ಬಳಸಿ ನೋಡಲಿ ಅನ್ನಿಸುತ್ತದೆ. ಗೆರೆ ಇರುವ ಕಪ್ಪನ್ನೇ ಆರಿಸಿ. ಗೆರೆ ಇಲ್ಲದ್ದೂ ಬರುತ್ತವೆ.

ಮಗಳ ವಿಷಯ. ಅವಳಿಗೆ ಇದನ್ನು ನಾನು ಹೇರಲಿಲ್ಲ. ಅವಳ ಕಪಾಟಿನಲ್ಲಿ ಪ್ಯಾಡ್ ಇತ್ತು, ಬಟ್ಟೆ ಪ್ಯಾಡ್ ಇತ್ತು, ಪಕ್ಕದಲ್ಲಿ ಒಂದು ಸಣ್ಣ ಸೈಜಿನ ಕಪ್ ಇಟ್ಟೆ. ಬಹಳ ಕಾಲ ಅದು ಚೀಲದಲ್ಲೇ ಇತ್ತು. ಒಂದು ದಿನ ಅವಳೇ ಕೇಳಿದಳು, "ಅಮ್ಮಾ, ಒಳಗೇ ಎಲ್ಲೋ ಕಳೆದುಹೋದ್ರೆ?" ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದೆ. ಯೋನಿಯ ದಾರಿ ಕೊನೆಯಾಗುವುದು ಗರ್ಭಕಂಠದ, ಅಂದರೆ ಗರ್ಭಕೋಶದ ಕೆಳತುದಿಯ, ಹತ್ತಿರ. ಗರ್ಭಕಂಠದ ಬಾಯಿ ಎಷ್ಟು ಸಣ್ಣದು ಅಂದರೆ ಕಪ್ ಅದನ್ನು ದಾಟಿ ಎಲ್ಲಿಗೂ ಹೋಗುವ ಹಾಗಿಲ್ಲ. ಕೈಗೆ ಸಿಗದಿದ್ದರೆ ಗಾಬರಿ ಬೀಳದೆ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ತಿಣುಕಿದರೆ ಕೆಳಗೆ ಬರುತ್ತದೆ. ಚಿತ್ರ ನೋಡಿ ಅವಳು, "ಇಷ್ಟೇನಾ? ಇದನ್ನ ಯಾರೂ ಹೇಳೇ ಇಲ್ಲ" ಅಂದಳು. ಎಷ್ಟೋ ಅಮ್ಮಂದಿರಿಗೂ ಯಾರೂ ಹೇಳಿಲ್ಲ.

ಕನ್ಯಾಪೊರೆಯ ಪ್ರಶ್ನೆ ಬಂದೇ ಬರುತ್ತದೆ. ಮಗಳು ಕೇಳದಿದ್ದರೆ ಬೇರೆ ಯಾರೋ ನಿಮ್ಮನ್ನು ಕೇಳುತ್ತಾರೆ. ಆ ಪೊರೆ ದಾರಿಯನ್ನು ಪೂರ್ತಿ ಮುಚ್ಚಿರುವ ಮುಚ್ಚಳ ಅಲ್ಲ. ಮುಚ್ಚಿದ್ದರೆ ಮುಟ್ಟಿನ ರಕ್ತ ಹೊರಗೆ ಬರುತ್ತಲೇ ಇರಲಿಲ್ಲ. ಅದು ಹಿಗ್ಗುವ ಮಡಿಕೆ, ಒಬ್ಬೊಬ್ಬರಲ್ಲಿ ಒಂದೊಂದು ತರ ಇರುತ್ತದೆ. ಅದನ್ನು ನೋಡಿ ಯಾರ ಬಗ್ಗೆಯೂ ಏನೂ ಹೇಳಲು ಬರುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಎರಡು ವಿಭಾಗಗಳು ಸೇರಿ ಕನ್ಯತ್ವ ಪರೀಕ್ಷೆಗೆ ವೈದ್ಯಕೀಯವಾಗಿ ಯಾವ ಆಧಾರವೂ ಇಲ್ಲ, ಅದನ್ನು ನಿಲ್ಲಿಸಿ ಅಂತ ಕರೆ ಕೊಟ್ಟವು. ಕಪ್ ಹಾಕುವಾಗ ಆ ಮಡಿಕೆ ಹಿಗ್ಗಬಹುದು, ಸ್ವಲ್ಪ ಹರಿಯಲೂಬಹುದು. ಇದನ್ನು ಮುಚ್ಚಿಡದೆ ಮಗಳಿಗೆ ಹೇಳಿ, ತೀರ್ಮಾನ ಅವಳಿಗೇ ಬಿಡಬೇಕು. ನನ್ನ ಮಗಳ ಮಾನ ಒಂದು ಪೊರೆಯಲ್ಲಿ ಇದೆ ಅಂತ ನಾನು ಯಾವತ್ತೂ ನಂಬಲಿಲ್ಲ.

ಮನೆಯಲ್ಲಿ ಮಗನೂ ಇದ್ದಾನೆ. ಕಪ್ ಕುದಿಸಲು ಒಂದು ಪಾತ್ರೆ ಬೇರೆ ಇಟ್ಟಿದ್ದೇವೆ. ಮುಟ್ಟು ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಸೂಚನೆಯ ಹಾಳೆ ಹೇಳಿದಷ್ಟು ಹೊತ್ತು ಕುದಿಸುವುದು. ಪಾತ್ರೆ ತಳಕ್ಕೆ ಕಪ್ ತಾಗಿಕೊಂಡು ಉಳಿದರೆ ಸುಟ್ಟು ಹಾಳಾಗುತ್ತದೆ, ಅದಕ್ಕೆ ನೀರು ಧಾರಾಳವಾಗಿ ಇರಬೇಕು, ಒಲೆ ಹತ್ತಿರ ಯಾರಾದರೂ ನಿಂತಿರಬೇಕು. ಎಷ್ಟೋ ಸಲ ನಿಲ್ಲುವುದು ಮಗನೇ. "ಅಮ್ಮಾ, ಇದು ಅಕ್ಕಂದಾ ನಿಂದಾ?" ಅಂತ ಅಲ್ಲಿಂದಲೇ ಕೂಗುತ್ತಾನೆ. ಅವನಿಗೆ ಇದರಲ್ಲಿ ಗುಟ್ಟೂ ಇಲ್ಲ, ನಾಚಿಕೆಯೂ ಇಲ್ಲ. ನಾಳೆ ಅವನು ಮೇಷ್ಟ್ರಾಗಲಿ, ಸೈನಿಕನಾಗಲಿ, ಅಧಿಕಾರಿಯಾಗಲಿ, ಅವನ ಕೈಕೆಳಗೆ ಕೆಲಸ ಮಾಡುವ ಹೆಣ್ಣುಮಗಳು ಜ್ವರ ಅಂತ ಸುಳ್ಳು ಹೇಳುವ ಅಗತ್ಯ ಬೀಳುವುದಿಲ್ಲ. ದೇಶಸೇವೆಗೆ ಮಗನನ್ನು ತಯಾರು ಮಾಡುವುದರಲ್ಲಿ ಇದೂ ಸೇರಿದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. 1983ರಲ್ಲಿ ಅಮೆರಿಕದ ಮೊದಲ ಮಹಿಳಾ ಗಗನಯಾತ್ರಿ ಸ್ಯಾಲಿ ರೈಡ್ ಬಾಹ್ಯಾಕಾಶಕ್ಕೆ ಹೊರಟಾಗ, ಒಂದು ವಾರದಷ್ಟರ ಪ್ರಯಾಣಕ್ಕೆ 100 ಟ್ಯಾಂಪನ್ ಸಾಕಾ ಅಂತ ನಾಸಾ ಎಂಜಿನಿಯರುಗಳು ಕೇಳಿದ್ದರಂತೆ. ರಾಕೆಟ್ ಕಟ್ಟುವಷ್ಟು ಬುದ್ಧಿ ಇದ್ದ ಗಂಡಸರಿಗೆ ಮನೆಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಈಗ ಮಿತಿಗಳು. ಕಪ್ಪಿಗೆ ಮೂರು ಬೇಕು, ಶುಭ್ರವಾದ ನೀರು, ಚಿಲಕ ಹಾಕುವ ಬಾಗಿಲು, ಅವಸರ ಇಲ್ಲದ ಸ್ವಲ್ಪ ಹೊತ್ತು. ಈ ಮೂರೂ ಇಲ್ಲದ ಕಡೆ ಕಪ್ ಹಂಚಿ ಫೋಟೊ ತೆಗೆಸಿಕೊಂಡರೆ ಪ್ರಯೋಜನ ಇಲ್ಲ. ಕಪ್ ಒಂದರಿಂದಲೇ ಹುಡುಗಿಯರ ಶಾಲೆ ಉಳಿದುಬಿಡುತ್ತದೆ ಅನ್ನುವುದೂ ಅತಿಯಾದ ಮಾತು. ನೇಪಾಳದಲ್ಲಿ ಶಾಲಾ ಹುಡುಗಿಯರಿಗೆ ಕಪ್ ಕೊಟ್ಟು ಮಾಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಾಜರಾತಿ ಹೇಳಿಕೊಳ್ಳುವಷ್ಟೇನೂ ಏರಲಿಲ್ಲ. ಆದರೆ ಹುಡುಗಿಯರು ಕಪ್ಪನ್ನು ಇಷ್ಟಪಟ್ಟು ಬಳಸಿದರು. ನನಗೆ ಇದು ಸರಿಯಾಗಿಯೇ ಕಾಣುತ್ತದೆ. ಹುಡುಗಿಯರು ಹೇಗೋ ಸಹಿಸಿಕೊಂಡು ಶಾಲೆಗೆ ಬಂದೇ ಬರುತ್ತಾರೆ. ಪ್ರಶ್ನೆ ಇರುವುದು ಬಂದವರು ನೆಮ್ಮದಿಯಾಗಿ ಕೂರುತ್ತಾರಾ ಅನ್ನುವುದರಲ್ಲಿ.

ಇನ್ನು ಬಿಳಿ ಪ್ಯಾಂಟು. ಕಪ್ ಹಾಕಿಕೊಂಡ ಮಗಳು ಪರೇಡಿನಲ್ಲಿ ನಡೆದಳು, ಏನೂ ಆಗಲಿಲ್ಲ, ನನಗೆ ಹೆಮ್ಮೆ. ಆದರೆ ಪ್ರತಿಯೊಬ್ಬ ಹುಡುಗಿಯೂ ಪರೇಡಿಗಾಗಿ ಕಪ್ ಕಲಿಯಬೇಕು ಅನ್ನುವುದು ನ್ಯಾಯವಲ್ಲ. ಬಟ್ಟೆಯ ಬಣ್ಣ ಬದಲಾಯಿಸುವುದು ಅದಕ್ಕಿಂತ ಸುಲಭ. 2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ಗೆ ಮುಂಚೆ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ತಂಡಗಳು ಬಿಳಿ ಶಾರ್ಟ್ಸ್ ಬಿಟ್ಟವು. ಅದೇ ವರ್ಷದ ಪಂದ್ಯಗಳಿಂದ ವಿಂಬಲ್ಡನ್, ಬಿಳಿ ಬಟ್ಟೆ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿನ ವಿಂಬಲ್ಡನ್, ಆಟಗಾರ್ತಿಯರು ಒಳಗೆ ಗಾಢ ಬಣ್ಣದ ಶಾರ್ಟ್ಸ್ ಹಾಕಬಹುದು ಅಂತ ಒಪ್ಪಿತು. ಯಾವ ದೇಶದ ಮರ್ಯಾದೆಯೂ ಕಡಿಮೆಯಾಗಲಿಲ್ಲ. ಸ್ಕಾಟ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ 2022ರ ಆಗಸ್ಟಿನಿಂದ ಮುಟ್ಟಿನ ಸಾಮಗ್ರಿ ಬೇಕಾದವರಿಗೆಲ್ಲ ಉಚಿತವಾಗಿ ಸಿಗುವಂತೆ ಮಾಡುವ ಕಾನೂನು ಜಾರಿಯಲ್ಲಿದೆ, ಜಗತ್ತಿನಲ್ಲೇ ಮೊದಲು. ದೇಶ ತನ್ನ ಹೆಣ್ಣುಮಕ್ಕಳನ್ನು ಪ್ರೀತಿಸುವುದು ಇಂಥ ಕಡೆ ಕಾಣುತ್ತದೆ.

ಸೈಜ್ ಬಗ್ಗೆ ಕೇಳುವವರು ಬಹಳ, ಅದನ್ನೂ ಹೇಳುತ್ತೇನೆ. ಚಿಕ್ಕ ವಯಸ್ಸು, ಸಹಜ ಹೆರಿಗೆ ಆಗಿಲ್ಲ ಅಂದರೆ ಸಣ್ಣದು, ಹೆರಿಗೆ ಆಗಿದ್ದರೆ ದೊಡ್ಡದು ಅಂತ ಕಂಪನಿಗಳು ಹೇಳುತ್ತವೆ. ಶುರುವಿಗೆ ಅದು ಸರಿ. ಆದರೆ ಗರ್ಭಕಂಠ ಎಷ್ಟು ಎತ್ತರದಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ಮುಟ್ಟಿನ ದಿನಗಳಲ್ಲಿ ಕೈ ಚೆನ್ನಾಗಿ ತೊಳೆದುಕೊಂಡು ಬೆರಳಿಂದ ನೋಡಿ. ಮೂಗಿನ ತುದಿಯ ಹಾಗೆ ಗಟ್ಟಿಯಾಗಿ ತಾಗುತ್ತದೆ. ಬೇಗ ಸಿಕ್ಕರೆ ಉದ್ದ ಕಡಿಮೆ ಇರುವ ಕಪ್ ತಗೊಳ್ಳಿ. ಕಡ್ಡಿ ಹೊರಗೆ ಬಂದು ಚುಚ್ಚಿದರೆ ಕತ್ತರಿಸಬಹುದು, ಆದರೆ ಕಪ್ ಹೊರಗೆ ತೆಗೆದು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಬುಡಕ್ಕೆ ಕತ್ತರಿ ತಾಗಬಾರದು. ಓಡಾಟ, ಆಟ ಜಾಸ್ತಿ ಇರುವವರಿಗೆ ಸ್ವಲ್ಪ ಗಟ್ಟಿ ಕಪ್ ಒಳ್ಳೆಯದು, ಮೆತ್ತಗಿನದು ಓಡುವಾಗ ಒತ್ತಿಕೊಂಡು ಸೋರುತ್ತದೆ. ಮೂತ್ರಕೋಶದ ಮೇಲೆ ಒತ್ತಿದ ಹಾಗೆ ಅನ್ನಿಸಿದರೆ ಮಾತ್ರ ಮೆತ್ತಗಿನದಕ್ಕೆ ಬದಲಾಯಿಸಿ. ಕೆಲವು ಕಪ್ಪುಗಳು ರಬ್ಬರ್ ಲ್ಯಾಟೆಕ್ಸಿನವು, ಅಲರ್ಜಿ ಇರುವವರು ಡಬ್ಬಿ ಓದಿ ಕೊಳ್ಳಬೇಕು. ಬಿರುಕು ಬಿಟ್ಟರೆ, ಅಂಟಂಟಾದರೆ ಕಪ್ ಬದಲಾಯಿಸುವ ಹೊತ್ತು ಬಂತು ಅಂತ. ಬಣ್ಣ ಮಾಸಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹೋದ ಒಂದು ಅಂಕ ಪೂರ್ತಿ ಡಬ್ಬಿಯ ಮೇಲಿನ ಸುಳ್ಳಿಗೆ ಮತ್ತು ಕಾಪರ್-ಟಿ ಎಚ್ಚರಿಕೆಯನ್ನು ಮೂಲೆಗೆ ತಳ್ಳಿದ್ದಕ್ಕೆ. ನಾನು ಕೆಲಸ ಮಾಡುವ ಕಡೆ ಪರೇಡಿನ ಪ್ಯಾಂಟು ಕಡು ನೀಲಿ ಆಗಲಿ, ಮೈದಾನದ ಪಕ್ಕದ ಶೌಚಾಲಯಕ್ಕೆ ಚಿಲಕ ಮತ್ತು ನೀರು ಬರಲಿ ಅಂತ ಬರೆದುಕೊಟ್ಟೆ. ಪ್ಯಾಂಟಿಗೆ ಒಪ್ಪಿಗೆ ಸಿಕ್ಕಿತು. ಚಿಲಕವೂ ಬಂತು. ನಲ್ಲಿ ಇನ್ನೂ ಬಂದಿಲ್ಲ, ಅರ್ಜಿ ಮತ್ತೆ ಹಾಕಿದ್ದೇನೆ.